ನರ್ಸ್ ಆಗಿದ್ದ ಅಮ್ಮನ ನೋಟ್‌ಬುಕ್‌ಗಳನ್ನು ನುಡಿನಮನದಲ್ಲಿ ಓದಬಹುದೇ?

ನರ್ಸಮ್ಮನ ಮಗಳು (ಪ್ರಶ್ನೆ)

ಅಮ್ಮ ತೀರಿಕೊಂಡು ಇಪ್ಪತ್ತು ದಿನವಾಯಿತು. 34 ವರ್ಷ ನರ್ಸ್ ಆಗಿದ್ದಳು. ನಿವೃತ್ತಿಯಾದ ಮೇಲೂ ರಾತ್ರಿ ಯಾರಾದರೂ ಬಾಗಿಲು ಬಡಿದರೆ ನಮಗಿಂತ ಮೊದಲು ಅವಳೇ ಏಳುತ್ತಿದ್ದಳು. ಬರುವ ಭಾನುವಾರ ಸುತ್ತಲಿನವರೆಲ್ಲ ಸೇರಿ ನುಡಿನಮನ ಇಟ್ಟುಕೊಂಡಿದ್ದಾರೆ. ಹತ್ತು ನಿಮಿಷ ನಾನೂ ಮಾತಾಡಬೇಕಂತೆ.

ಅವಳ ಬೀರು ತೆಗೆದಾಗ ಸೀರೆಗಳ ಕೆಳಗೆ ಹನ್ನೊಂದು ನೋಟ್‌ಬುಕ್ ಸಿಕ್ಕಿದವು. ಮಾಡಿಸಿದ ಹೆರಿಗೆಗಳನ್ನು ಒಂದೊಂದು ಸಾಲಿನಲ್ಲಿ ಬರೆದಿಟ್ಟಿದ್ದಾಳೆ. "ಬೆಳಗಿನ ಜಾವ 3.40. ಹೆಣ್ಣು. 2 ಕೆ.ಜಿ. 100 ಗ್ರಾಂ. ತಡವಾಗಿ ಅತ್ತಿತು. ನಾಳೆ ಮತ್ತೆ ಹೋಗಬೇಕು." ಅದರ ಕೆಳಗೇ, "ಹೋದೆ. ಹಾಲು ಎಳೀತಿದೆ." ಕಾರ್ಯಕ್ರಮ ಮಾಡುವವರಿಗೆ ಇದನ್ನು ತೋರಿಸಿದೆ. ಇವನ್ನೆಲ್ಲ ಮೇಜಿನ ಮೇಲೆ ಜೋಡಿಸಿಡೋಣ, ಕೆಲವು ಪುಟ ಓದಿಸೋಣ ಅಂದರು. ಹೆಮ್ಮೆಯಿಂದ ಒಪ್ಪಿಕೊಂಡೂ ಬಿಟ್ಟೆ.

ಆ ರಾತ್ರಿ ಮುಂದಿನ ಪುಟ ತಿರುವಿದರೆ ಬೇರೆಯೇ ಸಂಗತಿಗಳು. ಯಾರಿಗೆ ಕ್ಷಯ ಇತ್ತು, ಯಾರಿಗೆ ಗರ್ಭ ಹೋದದ್ದು ಮನೆಯವರಿಗೆ ಗೊತ್ತಿಲ್ಲ, ಯಾರ ಬೆನ್ನಿನ ಮೇಲೆ ಬಾಸುಂಡೆ ಇದ್ದವು. ಅಲ್ಲಿಗೇ ಮುಚ್ಚಿಟ್ಟೆ.

ಇನ್ನೊಂದು ಮಾತು. ನನ್ನ ಹೆಸರು ಎಲ್ಲಾದರೂ ಇದೆಯಾ ಎಂದು ಮೊದಲೇ ಹುಡುಕಿದ್ದೆ. ಒಂದೇ ಕಡೆ ಇದೆ: "ಮಗಳಿಗೆ ಜ್ವರ, 102. ಪಕ್ಕದ ಮನೆಯಲ್ಲಿ ಬಿಟ್ಟು ಬಂದೆ." ಆ ದಿನ ನನಗೆ ಚೆನ್ನಾಗಿ ನೆನಪಿದೆ. ಎಷ್ಟೋ ವರ್ಷ ಅದೇ ಸಿಟ್ಟು ಇಟ್ಟುಕೊಂಡಿದ್ದೆ. ಇದನ್ನೆಲ್ಲ ಸಭೆಯಲ್ಲಿ ಹೇಗೆ ಹೇಳುವುದು? ನೋಟ್‌ಬುಕ್‌ಗಳನ್ನು ಏನು ಮಾಡಲಿ?

ನಿವೃತ್ತ ಸ್ಟಾಫ್ ನರ್ಸ್

ಇಡಬೇಡಮ್ಮ. ಒಂದು ಪುಟವನ್ನೂ ಬೇಡ. ನರ್ಸ್ ತೀರಿಕೊಂಡರೂ ರೋಗಿಯ ಗುಟ್ಟು ರೋಗಿಯದೇ. ನಾವು ಕೈಯಲ್ಲಿ ದೀಪ ಹಿಡಿದು ಹೇಳುತ್ತಿದ್ದ ಪ್ರತಿಜ್ಞೆ ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರಿನಲ್ಲಿದೆ, ಆದರೆ ಬರೆದದ್ದು ಅವರಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯ್ಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ಎಂಬ ನರ್ಸ್ ಮತ್ತು ಅವರ ಜೊತೆಯವರು. ನನ್ನ ಪಾಲಿಗೆ ಬಂದ ಖಾಸಗಿ ವಿಷಯಗಳನ್ನೂ ಕೆಲಸದಲ್ಲಿ ತಿಳಿದ ಮನೆಗಳ ವಿಚಾರಗಳನ್ನೂ ಹೊರಗೆ ಬಿಡುವುದಿಲ್ಲ ಅನ್ನುವ ಮಾತು ಅದರಲ್ಲಿದೆ. ರೋಗದ ಜೊತೆಗೆ ಮನೆಯ ವಿಚಾರ ಅಂತಲೂ ಸೇರಿಸಿದ್ದನ್ನು ಗಮನಿಸು. ನಿಮ್ಮಮ್ಮ ಸೀರೆ ಕೆಳಗೆ ಇಟ್ಟದ್ದು ಅದಕ್ಕೇ.

ಹೇಳುವುದಾದರೆ ಅವರ ಕೆಲಸ ಹೇಳು. ನೀನು ಬರೆದ ಆ ಸಾಲು ನೋಡಿ ನನಗೆ ಮೈ ಜುಮ್ಮೆಂದಿತು. ಎರಡೂವರೆ ಕೆ.ಜಿ.ಗಿಂತ ಕಡಿಮೆ ತೂಕದ ಮಗು ಬೇಗ ತಣ್ಣಗಾಗುತ್ತದೆ, ಹಾಲು ಎಳೆಯುವಷ್ಟರಲ್ಲೇ ಸುಸ್ತಾಗುತ್ತದೆ. ಒರೆಸಿ, ತಾಯಿಯ ಎದೆಗೆ ಮೈಗೆ ಮೈ ತಾಗಿಸಿ ಮಲಗಿಸಬೇಕು, ಮರುದಿನ ಹೋಗಿ ನೋಡಲೇಬೇಕು. "ಹಾಲು ಎಳೀತಿದೆ" ಅಂದರೆ ಮಗು ಉಳಿಯಿತು ಅಂತ.

ಎದೆಗೆ ಪಿನ್ ಮಾಡುವ ವಾಚು ಇತ್ತಾ ಅವರ ಹತ್ತಿರ? ಕೈ ತೊಳೆಯಲು ಮಣಿಕಟ್ಟು ಬರಿದಾಗಿರಲಿ ಅಂತ ಹಾಗೆ ಹಾಕುತ್ತಿದ್ದೆವು. ಕೆಮ್ಮು ಬಂದ ಮಗುವಿನ ಅಂಗಿ ಎತ್ತಿ ಒಂದು ನಿಮಿಷ ಪೂರ್ತಿ ಉಸಿರು ಎಣಿಸಬೇಕು. ಎರಡು ತಿಂಗಳು ತುಂಬಿ ಒಂದು ವರ್ಷದೊಳಗಿನ ಮಗುವಿಗೆ 50, ಒಂದು ವರ್ಷ ತುಂಬಿ ಐದು ವರ್ಷದೊಳಗಿನದಕ್ಕೆ 40 ಮುಟ್ಟಿತೆಂದರೆ ನ್ಯುಮೋನಿಯಾ ಅಂತ ಎಚ್ಚರ ವಹಿಸಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವವರೂ ಇದ್ದಾರೆ. ನಿಮ್ಮಮ್ಮ ಹಾಗೆ ಮಾಡುತ್ತಿರಲಿಲ್ಲ ಎಂದು ಅವರ ಬರವಣಿಗೆಯೇ ಹೇಳುತ್ತದೆ.

ರಾತ್ರಿಪಾಳಿಯ ಮಗ

ನನ್ನ ತಾಯಿಯೂ ನರ್ಸ್. ಬೆಳಿಗ್ಗೆ ಬಂದು ಸ್ನಾನ ಮಾಡುವ ತನಕ ನಮ್ಮನ್ನು ಮುಟ್ಟುತ್ತಿರಲಿಲ್ಲ. ಬಾಗಿಲಲ್ಲಿ ಕೈಚಾಚಿ ನಿಂತು ಅಳುತ್ತಿದ್ದೆ. ಅಕ್ಕಾ, ಆ ಸಿಟ್ಟನ್ನು ಮುಚ್ಚಿಡಬೇಡಿ. ತ್ಯಾಗಮಯಿ ಅಂತ ಹೇಳುವುದಕ್ಕೆ ಹತ್ತು ಜನ ಇರುತ್ತಾರೆ. ಜ್ವರದಲ್ಲಿ ಕಾದು ಮಲಗಿದ್ದವರು ನೀವೊಬ್ಬರೇ.

ಓದುಗ

ನನ್ನದು ಬೇರೆ ಅಭಿಪ್ರಾಯ. ಹುಟ್ಟಿದ ಹೊತ್ತು ಗೊತ್ತಿಲ್ಲದವರು ಬಹಳ ಜನ ಇದ್ದಾರೆ. ಅವರವರ ಸಾಲನ್ನು ಚೀಟಿಯಲ್ಲಿ ಬರೆದು ಕೊಡಬಹುದಲ್ಲ?

ನಿವೃತ್ತ ಸ್ಟಾಫ್ ನರ್ಸ್

ಕೇಳಿಕೊಂಡು ಬಂದವರಿಗೆ ಹೊತ್ತು, ತೂಕ ಇಷ್ಟೇ ಕೊಡಬಹುದು. ಮಗುವಿನ ಸಾಲಿನಲ್ಲಿ ತಾಯಿಯ ವಿಷಯವೂ ಸೇರಿರುತ್ತದೆ. ಅದನ್ನು ಮಗನಿಗೂ ಹೇಳಬಾರದು.

ನರ್ಸಮ್ಮನ ಮಗಳು

ಎಲ್ಲರಿಗೂ ಕೈ ಮುಗಿಯುತ್ತೇನೆ. ನೋಟ್‌ಬುಕ್ ಇಡುವುದಿಲ್ಲ ಎಂದು ಹೇಳಿ ಬಂದೆ. ಸ್ವಲ್ಪ ಬೇಸರ ಮಾಡಿಕೊಂಡರು, ಆಮೇಲೆ ಒಪ್ಪಿದರು. ವಾಚು ಇದೆ, ಪಿನ್ ಮುರಿದಿದೆ. ಅದನ್ನು ಇಡುತ್ತೇವೆ.

ಒಂದೇ ಪುಟ ಓದುತ್ತೇನೆ, ನನ್ನದು. ಅದನ್ನು ಮೊದಲು ಅರ್ಧಕ್ಕೇ ಬಿಟ್ಟಿದ್ದೆ. ನಿಮ್ಮ ಮಾತು ಓದಿದ ಮೇಲೆ ಪೂರ್ತಿ ನೋಡಿದೆ. "2 ಗಂಟೆಗೆ ಹೆರಿಗೆ, ಗಂಡು. ಮನೆಗೆ ಬಂದಾಗ 6. ಜ್ವರ ಇಳಿದಿದೆ. ಮಗಳು ಮಾತಾಡಲಿಲ್ಲ. ಜಡೆ ಹಾಕಿದೆ." ಜಡೆ ಹಾಕಿದ್ದು ನನಗೆ ನೆನಪೇ ಇರಲಿಲ್ಲ.

ನಿನ್ನೆ ಸಂಜೆ ವಯಸ್ಸಾದ ಹೆಂಗಸೊಬ್ಬರು ಬಂದಿದ್ದರು. ಕೂತುಕೊಳ್ಳಿ ಅಂದರೂ ಕೂರಲಿಲ್ಲ. "ನರ್ಸಮ್ಮ ಬರೆದಿಟ್ಟ ಪುಸ್ತಕ ಸಭೆಯಲ್ಲಿ ಓದ್ತಾರಂತೆ, ಹೌದಾ?" ಎಂದರು. ಇಲ್ಲ, ಯಾರೂ ಓದುವುದಿಲ್ಲ ಎಂದೆ. ಸ್ವಲ್ಪ ಹೊತ್ತು ನನ್ನ ಕೈ ಹಿಡಿದುಕೊಂಡು ನಿಂತಿದ್ದು, ಹೊರಟುಹೋದರು. ಹೆಸರು ಕೇಳಲಿಲ್ಲ. ಅವರ ಪುಟ ಯಾವುದು ಎಂದು ಹುಡುಕಲೂ ಇಲ್ಲ.