ಅಪ್‌ಡೇಟ್: ಬ್ಯಾಕಪ್ ಫೈಲ್‌ಗಳಿಗೆ ಬೀಗ ಬಿತ್ತು

ಮಂಡ್ಯದ ನಮ್ಮ ಬೆಲ್ಲದ ಅಂಗಡಿ ವೆಬ್‌ಸೈಟಿನಲ್ಲಿ ಡಾಟ್ ಎಸ್‌ಕ್ಯುಎಲ್, ಡಾಟ್ ಬಿಎಕೆ ಅಂತ ಕೊನೆಯಾಗುವ ಬ್ಯಾಕಪ್ ಫೈಲ್‌ಗಳು ಯಾರು ಬೇಕಾದರೂ ಇಳಿಸಿಕೊಳ್ಳುವಂತಿವೆ, ತಡೆಯೋದು ಹೇಗೆ ಅಂತ ಕೇಳಿದ್ದೆನಲ್ಲ. ಈಗ ಸರಿಹೋಗಿದೆ.

ನೀವು ಹೇಳಿದ ಫೈಲ್ಸ್‌ಮ್ಯಾಚ್ ನಿಯಮ (ಹೆಸರು ನೋಡಿ ಫೈಲ್‌ಗಳಿಗೆ ತಡೆ ಹಾಕುವುದು) ಸರಿಯಾಗೇ ಇತ್ತು, ಅದನ್ನು ಎಚ್‌ಟಿಆಕ್ಸೆಸ್ ಅನ್ನೋ, ವೆಬ್ ಫೋಲ್ಡರಿನಲ್ಲೇ ಇಡುವ ಸೆಟ್ಟಿಂಗ್ ಫೈಲಿನಲ್ಲಿ ಹಾಕಿದ್ದೆ. ಆದರೆ ನಮ್ಮ ವೆಬ್ ಸರ್ವರ್ ತಂತ್ರಾಂಶವಾದ ಅಪಾಚೆ 2.4ರಲ್ಲಿ, ಆ ಫೈಲಿನ ಮಾತು ಕೇಳಬೇಕೋ ಬೇಡವೋ ಅಂತ ಹೇಳುವ ಅಲೌಓವರ್‌ರೈಡ್ ಮೊದಲಿನಿಂದಲೇ 'ನನ್' (ಬೇಡ) ಆಗಿರುತ್ತದೆ. ಹಾಗಿದ್ದಾಗ ಎಚ್‌ಟಿಆಕ್ಸೆಸ್ ಫೈಲನ್ನು ಸರ್ವರ್ ತೆರೆದೂ ನೋಡುವುದಿಲ್ಲ. ಎರರ್ ಕೂಡ ಕೊಡಲ್ಲ, ಅದೇ ದೊಡ್ಡ ತಲೆನೋವು! ನಿಯಮವನ್ನು ವರ್ಚುವಲ್ ಹೋಸ್ಟ್ (ಸರ್ವರ್ ಸೆಟ್ಟಿಂಗ್‌ನಲ್ಲಿ ನಮ್ಮ ಸೈಟಿನ ಭಾಗ) ಒಳಗೇ ಹಾಕಿ, 'ರಿಕ್ವೈರ್ ಆಲ್ ಡಿನೈಡ್' (ಯಾರಿಗೂ ಬಿಡಬೇಡ) ಅಂತ ಬರೆದು ರೀಲೋಡ್ ಮಾಡಿದೆ. ಫೈಲ್ ಕೇಳಿದರೆ 403, ಅಂದರೆ ಪ್ರವೇಶವಿಲ್ಲ ಅನ್ನೋ ಉತ್ತರ ಬಂತು. ನೆಟ್‌ನಲ್ಲಿ ಜಾಸ್ತಿ ಸಿಗುವ 'ಡಿನೈ ಫ್ರಮ್ ಆಲ್' ಅಪಾಚೆ 2.2ರ ಕಾಲದ್ದು, ಸುಮ್ನೆ ಎರಡನ್ನೂ ಬೆರೆಸಬೇಡಿ.

ಜಿಪ್ ಮಾಡಿದ್ದ ಹಳೆಯ ಪ್ರತಿಗೆ ಮಾತ್ರ ನಿಯಮ ತಾಗಲಿಲ್ಲ. ಹಾಗಾಗಿ ಬ್ಯಾಕಪ್‌ಗಳನ್ನೆಲ್ಲ ವೆಬ್ ಫೋಲ್ಡರಿನಿಂದ ಆಚೆಗೆ ಸಾಗಿಸಿ, ಡೇಟಾಬೇಸ್ ಪಾಸ್‌ವರ್ಡನ್ನೂ ಬದಲಾಯಿಸಿದೆ.