ಪದಚರ್ಚೆ: ಗಾಳಿಗೆ ಸೇರುವ ಗಂಧಕಕ್ಕೆ ‘ಮಾನವ ನಿರ್ಮಿತ’ ಅನ್ನಬಹುದಾ?

ನಮಸ್ಕಾರ. ಶಾಲೆಯ ವಿಜ್ಞಾನ ಮೇಳಕ್ಕೆ ಫ್ಲೆಕ್ಸ್ ಮಾಡಿಸುತ್ತಿದ್ದೇವೆ. ಗಾಳಿಗೆ ಗಂಧಕ ಎಲ್ಲೆಲ್ಲಿಂದ ಸೇರುತ್ತದೆ ಅನ್ನೋದು ವಿಷಯ. ಎಡಗಡೆ ಜ್ವಾಲಾಮುಖಿ, ಕಡಲಿನ ಸೂಕ್ಷ್ಮ ಪಾಚಿ, ಜೌಗು ನೆಲ. ಅದಕ್ಕೆ ‘ನೈಸರ್ಗಿಕ ಮೂಲಗಳು’ ಅಂತ ಹಾಕಿದ್ದೇವೆ. ಬಲಗಡೆ ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರ, ತಾಮ್ರದ ಅದಿರು ಕರಗಿಸುವ ಕಾರ್ಖಾನೆ, ಹಡಗು. ಇದಕ್ಕೆ ‘ಮಾನವ ನಿರ್ಮಿತ’ ಸರಿಯೋ ‘ಮಾನವಜನ್ಯ’ (ಮನುಷ್ಯನಿಂದ ಉಂಟಾದದ್ದು) ಸರಿಯೋ? ಸಂಜೆಯೊಳಗೆ ಪ್ರಿಂಟಿಗೆ ಕೊಡಬೇಕು.

ಉತ್ತರ 1:
ಮಾನವಜನ್ಯ. ಅನುಮಾನವೇ ಬೇಡ. ಅಂದಹಾಗೆ ಗಂಧಕಕ್ಕೆ ಇಂಗ್ಲಿಷಿನಲ್ಲಿ ಸಲ್ಫರ್ ಅನ್ನೋದೂ ನಮ್ಮ ಸಂಸ್ಕೃತದ ‘ಶುಲ್ವಾರಿ’ಯಿಂದಲೇ ಹೋದದ್ದು. ಶುಲ್ವ ಅಂದರೆ ತಾಮ್ರ, ಅದರ ಅರಿ, ಅಂದರೆ ಶತ್ರು. ಇದನ್ನೂ ಫ್ಲೆಕ್ಸಿನಲ್ಲಿ ಹಾಕಿ.

ಉತ್ತರ 2:
ದಯವಿಟ್ಟು ಹಾಕಬೇಡಿ. ಸಲ್ಫರ್ ಲ್ಯಾಟಿನ್ ಪದ. ಶುಲ್ವಾರಿ ಕತೆ ಕೇಳೋಕೆ ಚೆಂದ, ಅಷ್ಟೆ.
ಇನ್ನು ‘ನಿರ್ಮಿತ’. ಗಂಧಕ ಮೂಲವಸ್ತು, ಅದನ್ನು ಯಾರೂ ನಿರ್ಮಿಸಿಲ್ಲ. ಕಲ್ಲಿದ್ದಲಿನೊಳಗೆ ಕೋಟ್ಯಂತರ ವರ್ಷದಿಂದ ಸುಮ್ನೆ ಕೂತಿತ್ತು. ನಾವು ಸುಟ್ಟೆವು, ಆಮ್ಲಜನಕ ಸೇರಿ ಸಲ್ಫರ್ ಡೈಆಕ್ಸೈಡ್ ಆಗಿ ಚಿಮಣಿಯಿಂದ ಹೊರಬಿತ್ತು. 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿದಾಗಲೂ ಇದೇ ಅನಿಲ ಕೋಟಿಗೂ ಜಾಸ್ತಿ ಟನ್ ಮೇಲೆ ಹೋಯಿತು. ಅದರಿಂದಾಗಿ ಬಿಸಿಲು ತಗ್ಗಿ ಭೂಮಿಯೇ ಸುಮಾರು ಅರ್ಧ ಡಿಗ್ರಿ ತಂಪಾಯಿತು. ವಸ್ತು ಒಂದೇ, ಬಿಟ್ಟವರು ಬೇರೆ. ‘ತಾನಾಗಿ ಸೇರುವುದು’, ‘ನಮ್ಮಿಂದ ಸೇರುವುದು’ ಅಂತ ಬರೆಯಿರಿ. ಐದನೇ ಕ್ಲಾಸಿನ ಮಕ್ಕಳಿಗೂ ತಿಳಿಯುತ್ತೆ.

ಉತ್ತರ 3:
ಸರ್, ‘ನಿರ್ಮಿತ’ ಗಂಧಕಕ್ಕಲ್ಲ, ಮೂಲಕ್ಕೆ. ಚಿಮಣಿ ಕಟ್ಟಿದ್ದು ಮನುಷ್ಯನೇ ಅಲ್ವಾ?

ಉತ್ತರ 2:
ಕಾಡಿಗೆ ಬೆಂಕಿ ಹಚ್ಚಿದರೂ ಸ್ವಲ್ಪ ಗಂಧಕ ಗಾಳಿಗೆ ಹೋಗುತ್ತೆ. ಕಾಡು ಕಟ್ಟಿದ್ದು ಯಾರು? ಹಡಗಿನದನ್ನೇ ನೋಡಿ. 2020ರಲ್ಲಿ ಹಡಗಿನ ಎಣ್ಣೆಯಲ್ಲಿ ಗಂಧಕದ ಮಿತಿ ಶೇ. 3.5ರಿಂದ ಶೇ. 0.5ಕ್ಕೆ ಇಳಿಯಿತು. ಹಡಗುಗಳು ಅವೇ, ಬಿಡುವ ಗಂಧಕ ಮಾತ್ರ ಕಡಿಮೆ. ಹಾಗಿದ್ದರೆ ಕಟ್ಟಿದ್ದು ಮುಖ್ಯವೋ, ಸುಟ್ಟದ್ದು ಮುಖ್ಯವೋ?

ಉತ್ತರ 1:
ಇದು ಬೋರ್ಡು, ಹರಟೆಕಟ್ಟೆಯಲ್ಲ. ‘ನಮ್ಮಿಂದ ಸೇರುವುದು’ ಅಂದರೆ ಪಾರಿಭಾಷಿಕ ಪದ ಆಗುತ್ತಾ? ಫ್ಲೆಕ್ಸು, ಪ್ರಿಂಟು, ಡೈಆಕ್ಸೈಡು ಎಲ್ಲ ನಡೆಯುತ್ತೆ, ‘ಜನ್ಯ’ ಕಂಡರೆ ಮಾತ್ರ ಮೂಗು ಮುರಿಯುತ್ತೀರಿ. ಇದು ಯಾವ ನ್ಯಾಯ?

ಉತ್ತರ 2:
ಬೇರೆ ಭಾಷೆಯದು ಅಂತ ಬೇಡ ಅನ್ನಲಿಲ್ಲ. ಓದುವವರಿಗೆ ತಿಳಿಯಲ್ಲ ಅಂತ ಬೇಡ ಅಂದೆ. ಗಂಧಕವೂ ಸಂಸ್ಕೃತದ್ದೇ, ಇರಲಿ ಬಿಡಿ.

ಉತ್ತರ 3:
ಕಾರ್ಖಾನೆ ಪಾರ್ಸಿ ಪದ. ಅದನ್ನೂ ತೆಗೆಸೋಣವೇ?