ಅಪ್‌ಡೇಟ್: ಹಿಂಬದಿ ಶಾಕ್ ಅಬ್ಸಾರ್ಬರ್ ನಾಬ್ ಕೈಗೆ ಸಿಕ್ಕಿತು

ನನ್ನ ಸ್ಪೋರ್ಟ್ಸ್ ಕಾರಿಗೆ ಹಾಕಿಸಿದ ಆಫ್ಟರ್‌ಮಾರ್ಕೆಟ್ (ಕಾರಿನ ಜೊತೆ ಬಂದದ್ದಲ್ಲ, ಆಮೇಲೆ ಹೊರಗಿನಿಂದ ಕೊಂಡ) ಶಾಕ್ ಅಬ್ಸಾರ್ಬರ್‌ಗಳಲ್ಲಿ ಹಿಂಬದಿಯವನ್ನು ಬಿಚ್ಚದೆ ಎಷ್ಟು ಗಟ್ಟಿ, ಎಷ್ಟು ಸಾಫ್ಟ್ ಇರಬೇಕು ಅಂತ ಅಡ್ಜಸ್ಟ್ ಮಾಡಬಹುದಾ ಅಂತ ಕೇಳಿದ್ದೆ. ಖಂಡಿತ ಮಾಡಬಹುದು! ಚಕ್ರ ಕಳಚುವುದೂ ಬೇಡ, ಜಾಕೂ ಬೇಡ.

ಡಿಕ್ಕಿಯೊಳಗೆ ಪಕ್ಕದ ಕಾರ್ಪೆಟ್ ಹಿಡಿದಿರುವ ಪ್ಲಾಸ್ಟಿಕ್ ಕ್ಲಿಪ್‌ಗಳನ್ನು ತೆಗೆದರೆ ಸಾಕು. ಹಿಂದೆಯೇ ಶಾಕ್‌ನ ಮೇಲ್ತುದಿ ಕಾಣುತ್ತದೆ, ಅದರ ಮೇಲೆ ಸಣ್ಣ ನಾಬ್. ಪೆಟ್ರೋಲ್ ಪೈಪ್ ಇರುವ ಕಡೆ ಮಾತ್ರ ಜಾಗ ಇಕ್ಕಟ್ಟು, ಎರಡು ಬೆರಳು ತೂರಿಸಿ ತಿರುಗಿಸಬೇಕು.

ಮೊದಲು ನಾಬನ್ನು ಪೂರ್ತಿ ಸಾಫ್ಟ್ ಕಡೆಗೆ ತಂದು, ಅಲ್ಲಿಂದ ಕ್ಲಿಕ್ ಎಣಿಸಿ. ಎಡಗಡೆ ಶಾಕ್‌ಗೂ ಬಲಗಡೆ ಶಾಕ್‌ಗೂ ಲೆಕ್ಕ ಒಂದೇ ಇರಲಿ. ಕೊನೆ ಮುಟ್ಟಿದ ಮೇಲೆ ಸುಮ್ನೆ ಜೋರು ಮಾಡಬೇಡಿ, ಒಳಗಿನ ಭಾಗ ಹಾಳಾಗಬಹುದು.

ನನ್ನದರಲ್ಲಿ ಬದಲಾಗುವುದು ರೀಬೌಂಡ್ ಮಾತ್ರ. ಅಂದರೆ ಕುಗ್ಗಿದ ಸ್ಪ್ರಿಂಗ್ ಎಷ್ಟು ಬೇಗ ವಾಪಸ್ ಚಾಚಿಕೊಳ್ಳಬೇಕು ಅನ್ನುವುದು. ಎಲ್ಲರೂ ಜಾಸ್ತಿ ಗಟ್ಟಿ ಮಾಡಿದಷ್ಟೂ ಒಳ್ಳೆಯದು ಅಂದುಕೊಳ್ಳುತ್ತಾರೆ, ಅಲ್ವಾ? ಒಂದರ ಹಿಂದೊಂದು ಉಬ್ಬು ಬಂದಾಗ ಗಟ್ಟಿ ಶಾಕ್‌ಗೆ ಚಾಚಿಕೊಳ್ಳಲು ಪುರುಸೊತ್ತೇ ಸಿಗುವುದಿಲ್ಲ. ಕಾರಿನ ಹಿಂಭಾಗ ತಗ್ಗುತ್ತಲೇ ಹೋಗುತ್ತದೆ, ಟೈರಿನ ಹಿಡಿತ ತಪ್ಪುತ್ತದೆ. ಅದಕ್ಕೇ ನಡುವಿಗಿಂತ ಸ್ವಲ್ಪ ಸಾಫ್ಟ್ ಆಗಿಯೇ ಇಟ್ಟಿದ್ದೇನೆ. ಒರಟು ರಸ್ತೆಯ ತಿರುವಿನಲ್ಲೂ ಹಿಂದಿನ ಚಕ್ರ ಈಗ ನೆಲ ಕಚ್ಚಿಕೊಂಡೇ ಸಾಗುತ್ತದೆ. ಡಿಕ್ಕಿ ಕಡೆ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್.